ನಿಂತ ಎಂಜಿನ್ನಿಗೆ ಎಥನಾಲ್ ಕಾಟ

ಮಲೆನಾಡಿನಲ್ಲಿ ಮಳೆ ಹೊಳವಾಗುತ್ತಿದ್ದಂತೆ ಕಳೆ ಕೊಚ್ಚುವ ಮಿಷನ್ ರಿಪೇರಿ ಮಾಡುವವರಿಗೆ ಪುರುಸೊತ್ತು ಇರುವುದಿಲ್ಲ. ಜೂನಿನಲ್ಲಿ ಒಂದು ಸುತ್ತು ಹುಲ್ಲು ಹೊಡೆದು, ಹಾಗೇ ಕೊಟ್ಟಿಗೆಯ ಗೋಡೆಗೆ ಒರಗಿಸಿಟ್ಟ ಮಿಷನ್ನುಗಳೆಲ್ಲ ಸೆಪ್ಟೆಂಬರ್ ಕೊನೆಗೆ ಅಂಗಡಿಗೆ ಬರುತ್ತವೆ. ಇಡುವಾಗ ಚೆನ್ನಾಗಿಯೇ ಓಡುತ್ತಿದ್ದದ್ದು ಈಗ ಹಗ್ಗ ಎಳೆದೆಳೆದು ರಟ್ಟೆ ಸೋತರೂ ಹತ್ತುವುದಿಲ್ಲ. ಹತ್ತಿದರೂ ಚೋಕ್ ಹಾಕಿದ್ದಷ್ಟು ಹೊತ್ತು ಮಾತ್ರ, ತೆಗೆದ ತಕ್ಷಣ ಆರಿಹೋಗುತ್ತದೆ. ಕೊಳೆರೋಗಕ್ಕೆ ಬೋರ್ಡೋ ಹೊಡೆಯುವ ಪಂಪು, ಕರೆಂಟು ಕೈಕೊಟ್ಟಾಗ ಮಾತ್ರ ನೆನಪಾಗುವ ಜನರೇಟರ್, ಮರ ಕೊಯ್ಯುವ ಗರಗಸ, ಅಪ್ಪನ ಕಾಲದ ಸ್ಕೂಟರ್ ಇವೆಲ್ಲವುಗಳ ಕತೆಯೂ ಇದೇ. ಮಿಷನ್ ಕೆಟ್ಟಿದೆ ಎಂದು ನಾವು ಅಂದುಕೊಳ್ಳುತ್ತೇವೆ. ಹೆಚ್ಚಿನ ಸಲ ಕೆಟ್ಟಿರುವುದು ಒಳಗಿನ ಪೆಟ್ರೋಲು.

ಬಂಕಿನಲ್ಲಿ ಈಗ ಸಿಗುವುದು ಬರೀ ಪೆಟ್ರೋಲಲ್ಲ. ಕೆಲವು ರಾಜ್ಯಗಳಲ್ಲಿ 2003ರಲ್ಲಿ ಶೇ. 5ರಷ್ಟು ಎಥನಾಲ್ ಬೆರೆಸುವುದರಿಂದ ಶುರುವಾದದ್ದು 2022ರಲ್ಲಿ ಶೇ. 10 ಮುಟ್ಟಿತು. ಶೇ. 20 ಎಥನಾಲ್ ಇರುವ ಇ20 ಪೆಟ್ರೋಲಿಗೆ ಪ್ರಧಾನಿ ಚಾಲನೆ ಕೊಟ್ಟದ್ದು 2023ರ ಫೆಬ್ರುವರಿಯಲ್ಲಿ, ನಮ್ಮ ಬೆಂಗಳೂರಿನಲ್ಲೇ. ಮೊದಲು 2030ಕ್ಕೆ ಎಂದಿದ್ದ ಗುರಿಯನ್ನು 2025ಕ್ಕೇ ತಲುಪಿಯಾಯಿತು. ಕಬ್ಬಿನ ಹಾಲು, ಕಾಕಂಬಿ, ಮೆಕ್ಕೆಜೋಳ, ಅಕ್ಕಿ ಎಲ್ಲದರಿಂದಲೂ ಎಥನಾಲ್ ತೆಗೆಯುತ್ತಾರೆ. ಬಯಲುಸೀಮೆಯ ರೈತ ಬೆಳೆದದ್ದು ಮಲೆನಾಡಿನ ರೈತನ ಮಿಷನ್ನಿನೊಳಗೆ ಬಂದು ಕೂತಿದೆ ಎನ್ನಿ. ದಿನಾ ಓಡುವ ಬೈಕಿನ ಟ್ಯಾಂಕು ವಾರಕ್ಕೊಮ್ಮೆ ಖಾಲಿಯಾಗಿ ತುಂಬುವುದರಿಂದ ಅದರೊಳಗೆ ಪೆಟ್ರೋಲಿಗೆ ಕೆಡಲು ಸಮಯವೇ ಸಿಗುವುದಿಲ್ಲ. ಮೈಲೇಜ್ ಎಷ್ಟು ಇಳಿಯಿತು ಎನ್ನುವ ಜಗಳ ಬೇರೆ, ಅದನ್ನು ಇಲ್ಲಿ ಎಳೆಯುವುದಿಲ್ಲ. ತಿಂಗಳುಗಟ್ಟಲೆ ನಿಲ್ಲುವ ಎಂಜಿನ್ನಿನ ಪಾಡೇ ಬೇರೆ.

ಎಥನಾಲಿಗೆ ನೀರೆಂದರೆ ಇಷ್ಟ, ಪೆಟ್ರೋಲಿಗೆ ಆಗದು. ಹಳೆಯ ಶುದ್ಧ ಪೆಟ್ರೋಲಿನೊಳಗೆ ನೀರು ಬಿದ್ದರೆ ಅದು ತಳದಲ್ಲಿ ಗುಳ್ಳೆಯಾಗಿ ಕೂರುತ್ತಿತ್ತು, ಬೇರೆಯಾಗಿಯೇ ಉಳಿಯುತ್ತಿತ್ತು. ಎಥನಾಲ್ ಸೇರಿದ ಮೇಲೆ ಹಾಗಲ್ಲ, ಸ್ವಲ್ಪ ನೀರು ಅದರಲ್ಲೇ ಕರಗಿ ಕಣ್ಣಿಗೆ ಕಾಣದಂತೆ ಇರುತ್ತದೆ. ಶೇ. 10 ಎಥನಾಲ್ ಇರುವ ಒಂದು ಲೀಟರ್ ಪೆಟ್ರೋಲು 15 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 5 ಮಿ.ಲೀ. ನೀರನ್ನು, ಅಂದರೆ ಒಂದು ಚಹಾ ಚಮಚದಷ್ಟನ್ನು, ತಡೆದುಕೊಳ್ಳುತ್ತದೆ. ಇ20 ಇದಕ್ಕಿಂತ ಹೆಚ್ಚು ತಡೆಯುತ್ತದೆ. ಆ ಮಿತಿ ದಾಟಿದರೆ ಎಥನಾಲ್ ಪೆಟ್ರೋಲಿನ ಸಹವಾಸ ಬಿಟ್ಟು ನೀರಿನ ಜೊತೆ ಸೇರಿ ತಳಕ್ಕಿಳಿಯುತ್ತದೆ. ಥಂಡಿ ಹೆಚ್ಚಿದಷ್ಟೂ ಮಿತಿ ಕಡಿಮೆಯಾಗುವುದರಿಂದ, ಮಧ್ಯಾಹ್ನ ತಿಳಿಯಾಗಿದ್ದ ಪೆಟ್ರೋಲು ಬೆಳಗಿನ ಜಾವ ಮಬ್ಬಾಗಿ ಕಾಣುವುದುಂಟು.

ಎಥನಾಲ್ ಗಾಳಿಯಿಂದ ನೀರು ಹೀರುತ್ತದೆ ಎನ್ನುವ ಮಾತು ನಿಜವೇ. ಆದರೆ ಮುಚ್ಚಳ ಸರಿಯಾಗಿದ್ದ ಟ್ಯಾಂಕಿನಲ್ಲಿ ಅದು ತೀರಾ ನಿಧಾನ, ಜನ ಹೆದರುವಷ್ಟಿಲ್ಲ. ನೀರು ಬರುವ ದಾರಿ ಬೇರೆ. ಅರ್ಧ ತುಂಬಿದ ಟ್ಯಾಂಕು ಹಗಲು ಬಿಸಿಯಾಗಿ ಗಾಳಿ ಹೊರಬಿಡುತ್ತದೆ, ರಾತ್ರಿ ತಣ್ಣಗಾಗಿ ತೇವದ ಗಾಳಿ ಒಳಗೆಳೆದುಕೊಳ್ಳುತ್ತದೆ, ಆ ತೇವ ಒಳಗೋಡೆಯ ಮೇಲೆ ಹನಿಗಟ್ಟಿ ಇಳಿಯುತ್ತದೆ. ಮಳೆಯಲ್ಲಿ ಕೆಲಸ ಮಾಡುತ್ತ ಪೆಟ್ರೋಲು ತುಂಬಿಸುವಾಗ ಕೊಡೆಯಿಂದಲೋ ಟೊಪ್ಪಿಯಿಂದಲೋ ನಾಲ್ಕು ಹನಿ ಬೀಳುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಹಿಂದೆ ಏನಿತ್ತೋ ಗೊತ್ತಿಲ್ಲದ ಕ್ಯಾನನ್ನು ತೊಳೆದು ಪೂರ್ತಿ ಒಣಗಿಸದೆ ಬಂಕಿಗೆ ಒಯ್ಯುವುದು.

ಬೇರ್ಪಟ್ಟ ಪೆಟ್ರೋಲು ಅತಿ ಹೆಚ್ಚು ಹಾನಿ ಮಾಡುವುದು ಟೂ ಸ್ಟ್ರೋಕ್ ಮಿಷನ್ನಿಗೆ, ಅದು ಹೇಗೆಂದು ನೋಡಿಯೇ ತಿಳಿಯಬೇಕು. ಇಂಥ ಎಂಜಿನ್ನಿಗೆ ಆಯಿಲ್ ಹಾಕುವ ಬೇರೆ ಜಾಗವಿಲ್ಲ. ಲೀಟರಿಗೆ 20 ಮಿ.ಲೀ. ಅಥವಾ 40 ಮಿ.ಲೀ. ಲೆಕ್ಕದಲ್ಲಿ ಪೆಟ್ರೋಲಿಗೇ ಬೆರೆಸಿದ ಟೂಟಿ ಆಯಿಲ್ ಬೇರಿಂಗಿನಿಂದ ಪಿಸ್ಟನ್ನಿನವರೆಗೆ ಎಲ್ಲವನ್ನೂ ಕಾಯಬೇಕು. ಈಗ ಟ್ಯಾಂಕಿನೊಳಗೆ ಎಥನಾಲೂ ನೀರೂ ಕೆಳಗಿಳಿದವು ಎನ್ನೋಣ. ಆಯಿಲ್ ಅವುಗಳ ಜೊತೆ ಹೋಗುವುದಿಲ್ಲ, ಪೆಟ್ರೋಲಿನ ಜೊತೆ ಮೇಲೆಯೇ ಉಳಿಯುತ್ತದೆ. ಟ್ಯಾಂಕಿನೊಳಗೆ ಬೆರಳು ಹಾಕಿ ಎಳೆದರೆ ಮೆದು ಪೈಪಿನ ತುದಿಗೆ ಭಾರದ ಒಂದು ಪುಟ್ಟ ಫಿಲ್ಟರ್ ಸಿಗುತ್ತದಲ್ಲ, ಮಿಷನ್ ಹೇಗೆ ಓರೆಯಾದರೂ ತಳದಿಂದಲೇ ಹೀರಬೇಕೆಂದು ಅದನ್ನು ಹಾಗೆ ಮಾಡಿದ್ದಾರೆ. ಹಾಗಾಗಿ ಎಂಜಿನ್ ಹೀರುವ ಮೊದಲ ಗುಟುಕೇ ಆಯಿಲ್ಲಿಲ್ಲದ ಎಥನಾಲ್ ನೀರು. ಹತ್ತದಿದ್ದರೆ ಪುಣ್ಯ. ಹೇಗೋ ಹತ್ತಿ, ಅದೇ ಸಿಟ್ಟಿನಲ್ಲಿ ಫುಲ್ ರೇಸ್ ಕೊಟ್ಟರೆ ಪಿಸ್ಟನ್ ಗೀರುಬಿದ್ದು ಹಿಡಿದುಕೊಳ್ಳುತ್ತದೆ. ಆಯಿಲ್ ಕಡಿಮೆ ಹಾಕಿದ್ದೀರಿ ಎಂದು ಮೆಕ್ಯಾನಿಕ್ ಬೈಯುತ್ತಾನೆ, ಸರಿಯಾಗಿಯೇ ಹಾಕಿದ್ದೆ ಎಂದು ನೀವು ವಾದಿಸುತ್ತೀರಿ. ಇಬ್ಬರದೂ ಸರಿಯೇ. ಬೈಕಿನ ಟ್ಯಾಂಕಿನಲ್ಲೂ ರಿಸರ್ವ್ ತೆಗೆದುಕೊಳ್ಳುವುದು ತಳದಿಂದಲೇ. ಬಹಳ ದಿನ ನಿಂತ ಬೈಕನ್ನು ರಿಸರ್ವಿಗೆ ತಿರುಗಿಸಿ ಕಿಕ್ ಹೊಡೆಯುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ನೀರಿನ ಹಂಗೇ ಇಲ್ಲದ ಇನ್ನೊಂದು ತೊಂದರೆ ಕಾರ್ಬೊರೇಟರಿನದು. ಅದರ ಫ್ಲೋಟ್ ಬಟ್ಟಲಿನಲ್ಲಿ ನಿಲ್ಲುವುದು ಒಂದೆರಡು ಚಮಚ ಪೆಟ್ರೋಲು, ಅದಕ್ಕೆ ಗಾಳಿಯ ದಾರಿಯೂ ತೆರೆದಿರುತ್ತದೆ. ಹಗುರ ಭಾಗ ಕೆಲವೇ ವಾರಗಳಲ್ಲಿ ಆವಿಯಾಗುತ್ತದೆ. ಉಳಿದದ್ದು ಗಾಳಿಯ ಆಮ್ಲಜನಕಕ್ಕೆ ಸಿಕ್ಕಿ, ಡಬ್ಬದ ತಳದ ಅಡುಗೆ ಎಣ್ಣೆ ಕಮಟು ಹಿಡಿಯುವ ಹಾಗೆಯೇ ಕೆಟ್ಟು ಅಂಟಾಗುತ್ತದೆ. ಬಟ್ಟಲು ಬಿಚ್ಚಿದರೆ ಒಳಗೆ ಕಂದು ಬಣ್ಣದ ಪೊರೆ, ಹಿತ್ತಾಳೆ ಜೆಟ್ಟಿನ ಸುತ್ತ ಹಸಿರು, ಮೈಲೋಹದ ಮೇಲೆ ಬಿಳಿ ಹುಡಿ ಕಾಣುತ್ತದೆ. ಹುಡಿ ಮತ್ತು ಹಸಿರು ನೀರು ಸೇರಿದ ಎಥನಾಲ್ ಲೋಹವನ್ನು ತಿಂದದ್ದರ ಗುರುತು. ಐಡಲ್ ಜೆಟ್ಟಿನ ತೂತು ಒಂದು ಮಿಲಿಮೀಟರಿನ ಅರ್ಧವೂ ಇರುವುದಿಲ್ಲ. ಅದು ಕಟ್ಟಿಕೊಂಡರೆ ಸಾಕು, ಚೋಕ್ ಇಲ್ಲದೆ ಎಂಜಿನ್ ಓಡುವುದಿಲ್ಲ. ಅದನ್ನು ತಂತಿ ತೂರಿಸಿ ತೆಗೆಯುವವರಿದ್ದಾರೆ, ದಯವಿಟ್ಟು ಹಾಗೆ ಮಾಡಲು ಬಿಡಬೇಡಿ. ಹಿತ್ತಾಳೆ ಮೆದು, ತೂತು ದೊಡ್ಡದಾದರೆ ಆಮೇಲೆ ಎಷ್ಟು ತಿರುಗಿಸಿದರೂ ಟ್ಯೂನಿಂಗ್ ಕೂರುವುದಿಲ್ಲ. ಕ್ಲೀನರ್ ಸ್ಪ್ರೇ, ಕಂಪ್ರೆಸರ್ ಗಾಳಿ ಸಾಕು.

ರಬ್ಬರಿನ ಮಾತು ಚಿಕ್ಕದು. ಹಳೆಯ ಗಾಡಿಗಳ ಪೈಪು, ವಾಷರ್, ಕಾರ್ಕ್ ಪ್ಯಾಕಿಂಗು ಎಥನಾಲಿಗೆಂದು ಮಾಡಿದವಲ್ಲ. ನೆನೆದಾಗ ಉಬ್ಬುತ್ತವೆ, ಒಣಗಿದಾಗ ಬಿರಿಯುತ್ತವೆ. ಹಳೇ ಸ್ಕೂಟರ್ ಇಟ್ಟುಕೊಂಡವರು ಪೆಟ್ರೋಲ್ ಪೈಪ್ ಒಮ್ಮೆ ಬದಲಿಸಿ ನಿಶ್ಚಿಂತೆಯಿಂದಿರುವುದು ಲೇಸು. ಹಳೆಯ ಟ್ಯಾಂಕಿನ ಗೋಡೆಗಂಟಿದ ಕೊಳೆಯನ್ನೂ ಎಥನಾಲ್ ಕರಗಿಸಿ ಇಳಿಸುವುದರಿಂದ ಫಿಲ್ಟರನ್ನೂ ನೋಡಬೇಕು.

ಇನ್ನೊಂದು ವಿಷಯವನ್ನು ಮಿಷನ್ ಮಾರುವವರು ಹೇಳುವುದು ಕಡಿಮೆ. ಸಣ್ಣ ಪೆಟ್ರೋಲ್ ಎಂಜಿನ್ನುಗಳ ಬಹುತೇಕ ಕೈಪಿಡಿಗಳಲ್ಲಿ ಶೇ. 10ಕ್ಕಿಂತ ಹೆಚ್ಚು ಎಥನಾಲ್ ಬೇಡ ಎಂದೇ ಬರೆದಿರುತ್ತದೆ, ಬಂಕಿನಲ್ಲಿ ಕೊಡುವುದು ಶೇ. 20. ಎಥನಾಲಿನೊಳಗೇ ಆಮ್ಲಜನಕ ಇರುವುದರಿಂದ ಅದಕ್ಕೆ ಉರಿಯಲು ಗಾಳಿ ಕಡಿಮೆ ಸಾಕು. ಹೊಸ ಬೈಕಿನ ಫ್ಯುಯೆಲ್ ಇಂಜೆಕ್ಷನ್ ಸೆನ್ಸರ್ ನೋಡಿಕೊಂಡು ಇಂಧನ ಹೆಚ್ಚಿಸುತ್ತದೆ, ಕಾರ್ಬೊರೇಟರಿಗೆ ಆ ಬುದ್ಧಿ ಇಲ್ಲ. ಹೀಗೆ ಮಿಶ್ರಣ ತೆಳುವಾಗಿ ಎಂಜಿನ್ ಹೆಚ್ಚು ಕಾಯುತ್ತದೆ. ಹೊಂದಿಸುವ ಸ್ಕ್ರೂ ಇರುವ ಮಿಷನ್ನಾದರೆ ಬಲ್ಲ ಮೆಕ್ಯಾನಿಕ್ ಕೈಯಲ್ಲಿ ಸ್ವಲ್ಪ ಇಂಧನ ಹೆಚ್ಚಿಸಿಕೊಳ್ಳಿ.

ದುಬಾರಿ ಪೆಟ್ರೋಲು ಹಾಕಿದರೆ ಎಥನಾಲ್ ಇರುವುದಿಲ್ಲ ಎಂದು ಹೇಳುವವರಿದ್ದಾರೆ. ಬೆಲೆ ನೋಡಿ ನಂಬುವ ಬದಲು ಪರೀಕ್ಷೆ ಮಾಡಬಹುದು. 100 ಮಿ.ಲೀ. ಗಾಜಿನ ಅಳತೆ ಕೊಳವೆಯಲ್ಲಿ 10ರ ಗೆರೆವರೆಗೆ ನೀರು, ಅದರ ಮೇಲೆ 100ರವರೆಗೆ ಪೆಟ್ರೋಲು ಹಾಕಿ, ಬಾಯಿ ಮುಚ್ಚಿ ಅಲ್ಲಾಡಿಸಿ, ಹತ್ತು ನಿಮಿಷ ಬಿಡಿ. ಎಥನಾಲ್ ಇಲ್ಲದಿದ್ದರೆ ನೀರಿನ ಗೆರೆ 10ರಲ್ಲೇ ನಿಲ್ಲುತ್ತದೆ. ಶೇ. 20 ಇದ್ದರೆ 28ರ ಆಸುಪಾಸಿಗೆ ಏರುತ್ತದೆ. ಇದನ್ನು ಬಯಲಿನಲ್ಲಿ, ಬೆಂಕಿ ಬೀಡಿಗಳಿಂದ ದೂರ ಮಾಡಬೇಕು ಎಂದು ಬೇರೆ ಹೇಳಬೇಕಿಲ್ಲ. ಹೀಗೇ ನೀರು ಹಾಕಿ ಎಥನಾಲ್ ತೆಗೆದು, ಉಳಿದ ಪೆಟ್ರೋಲನ್ನೇ ಮಿಷನ್ನಿಗೆ ಹಾಕುವ ಜಾಣತನ ಬೇಡ. ಎಥನಾಲ್ ಸೇರಲಿದೆ ಎಂಬ ಲೆಕ್ಕದಲ್ಲೇ ಮೂಲ ಪೆಟ್ರೋಲು ತಯಾರಾಗುವುದರಿಂದ, ಅದು ಹೋದರೆ ಆಕ್ಟೇನ್ ಕುಸಿಯುತ್ತದೆ.

ಗಾಡಿ ನಿಲ್ಲಿಸುವಾಗ ಟ್ಯಾಂಕ್ ಫುಲ್ ಮಾಡಿಡು, ತುಕ್ಕು ಹಿಡಿಯುವುದಿಲ್ಲ ಎನ್ನುವುದು ಹಿರಿಯರ ಮಾತು. ಆಗಿನ ಪೆಟ್ರೋಲಿಗೆ ಅದು ಸರಿ. ತಗಡಿನ ಟ್ಯಾಂಕಿರುವ ಬೈಕು ಒಂದೆರಡು ತಿಂಗಳು ನಿಲ್ಲುವುದಾದರೆ ಈಗಲೂ ಅದನ್ನೇ ಮಾಡಬಹುದು, ಆದರೆ ಕಾಕ್ ಬಂದ್ ಮಾಡಿ, ಕಾರ್ಬೊರೇಟರ್ ಬಟ್ಟಲಿನ ತಳದ ಡ್ರೈನ್ ಸ್ಕ್ರೂ ಸಡಿಲಿಸಿ ಒಳಗಿನದನ್ನು ಇಳಿಸಿಬಿಡಬೇಕು. ಪ್ಲಾಸ್ಟಿಕ್ ಟ್ಯಾಂಕಿನ ಕಳೆ ಮಿಷನ್, ಗರಗಸ, ಪಂಪುಗಳಿಗೆ ತುಕ್ಕಿನ ಭಯವೇ ಇಲ್ಲದಿರುವುದರಿಂದ ಟ್ಯಾಂಕ್ ಪೂರ್ತಿ ಬಗ್ಗಿಸಿ, ಎಂಜಿನ್ ಚಾಲೂ ಮಾಡಿ, ತಾನಾಗಿ ಆರುವವರೆಗೆ ಸಣ್ಣ ರೇಸಿನಲ್ಲಿ ಓಡಿಸಿ. ಕಾರ್ಬೊರೇಟರ್ ಒಣಗಿದರೆ ಅದರೊಳಗಿನ ಡಯಾಫ್ರಾಮ್ ಎಂಬ ತೆಳು ಪೊರೆ ಬಿರುಸಾಗುತ್ತದೆ ಎಂದು ವಾದಿಸುವ ಮೆಕ್ಯಾನಿಕ್‌ಗಳಿದ್ದಾರೆ. ಅದರಲ್ಲೂ ಹುರುಳಿದೆ, ಆದರೆ ಡಯಾಫ್ರಾಮಿನ ಖರ್ಚು ಪಿಸ್ಟನ್ ಸಿಲಿಂಡರಿನ ಖರ್ಚಿನ ಮುಂದೆ ಏನೇನೂ ಅಲ್ಲ.

ಸ್ಟೆಬಿಲೈಸರ್ ಎಂಬ ದ್ರಾವಣ ತಾಜಾ ಪೆಟ್ರೋಲಿಗೆ ಹಾಕಿದರೆ ಅಂಟಾಗುವುದನ್ನು ನಿಧಾನಿಸುತ್ತದೆ. ಒಮ್ಮೆ ಎರಡು ಪದರವಾದ ಪೆಟ್ರೋಲನ್ನು ಅದು ಸರಿಮಾಡದು, ಕುಲುಕಿದರೂ ಅದು ಮತ್ತೆ ಬೇರೆಯಾಗುತ್ತದೆ. ಅಂಥದ್ದನ್ನು ಯಾವ ಎಂಜಿನ್ನಿಗೂ ಹಾಕಬೇಡಿ, ಬಾವಿ ತೋಡಿನ ಕಡೆಗೂ ಚೆಲ್ಲಬೇಡಿ. ಆಯಿಲ್ ಬೆರೆಸದ, ತಿಳಿಯಾಗಿರುವ ಪೆಟ್ರೋಲನ್ನಾದರೆ ದಿನಾ ಓಡುವ ಬೈಕಿಗೆ ಹಾಕಿ ಮುಗಿಸಬಹುದು.

ಒಟ್ಟಿನಲ್ಲಿ ಪೆಟ್ರೋಲು ಈಗ ಇಟ್ಟು ಬಳಸುವ ವಸ್ತುವಲ್ಲ. ಐದು ಲೀಟರ್ ತಂದಿಟ್ಟು ಮಳೆಗಾಲವಿಡೀ ಕಾಯುವ ಬದಲು, ಆ ವಾರದ ಕೆಲಸಕ್ಕೆ ಬೇಕಾದಷ್ಟನ್ನೇ ತನ್ನಿ, ಆಯಿಲನ್ನು ಆ ದಿನಕ್ಕೆ ಬೇಕಾದಷ್ಟಕ್ಕೆ ಮಾತ್ರ ಬೆರೆಸಿ. ಕ್ಯಾನಿನ ಮೇಲೆ ತಂದ ತಾರೀಖು ಬರೆದಿಡಿ, ಒಂದು ತಿಂಗಳು ದಾಟಿದ್ದನ್ನು ಮಿಷನ್ನಿಗೆ ಹಾಕಬೇಡಿ.