ಬಾಗಿಲಿಲ್ಲದ ಕಡಲು

ಬೊನೇರ್ ದ್ವೀಪದ ದಕ್ಷಿಣಕ್ಕೆ ಹೊರಟ ರಸ್ತೆ. ಎಡಕ್ಕೆ ಗುಲಾಬಿ ಬಣ್ಣಕ್ಕೆ ತಿರುಗಿದ ಉಪ್ಪಿನ ಗದ್ದೆಗಳು, ಅದರಾಚೆ ಬೆಳ್ಳಗೆ ಹೊಳೆಯುವ ಉಪ್ಪಿನ ಗುಡ್ಡಗಳು. ಬಲಕ್ಕೆ ಕೆರಿಬಿಯನ್ ಕಡಲು, ರಸ್ತೆಗೆ ಅಂಟಿಕೊಂಡಂತೆ. ಹಿಂಬದಿಯಲ್ಲಿ ಗಾಳಿಯ ಸಿಲಿಂಡರ್‌ಗಳನ್ನು ಹೇರಿಕೊಂಡ ಪಿಕಪ್‌ಗಳು ಖಣಖಣ ಸದ್ದು ಮಾಡುತ್ತ ಸಾಗುತ್ತವೆ. ದಾರಿಯುದ್ದಕ್ಕೂ ಅಲ್ಲಲ್ಲಿ ಹಳದಿ ಬಳಿದ ಕಲ್ಲುಗಳು. ಒಂದೊಂದರ ಮೇಲೂ ಒಂದು ಹೆಸರು. ಕಲ್ಲು ಕಂಡಲ್ಲಿ ಗಾಡಿ ನಿಲ್ಲಿಸಿ, ಉಡುಪು ತೊಟ್ಟು, ನಡೆದೇ ನೀರಿಗಿಳಿಯಬಹುದು. ಇಲ್ಲಿ ಮುಳುಗಲು ದೋಣಿಗಾಗಿ ಕಾಯಬೇಕಿಲ್ಲ.

ವೆನೆಜುವೆಲಾದ ಉತ್ತರಕ್ಕೆ, 288 ಚದರ ಕಿಲೋಮೀಟರ್‌ನ ಈ ದ್ವೀಪ ನೆದರ್ಲೆಂಡ್ಸ್‌ಗೆ ಸೇರಿದ್ದು. ಗಾಳಿ ವರ್ಷದ ಬಹುಪಾಲು ಪೂರ್ವದಿಂದಲೇ ಬೀಸುತ್ತದೆ. ಹಾಗಾಗಿ ಪೂರ್ವದ ದಂಡೆಯಲ್ಲಿ ಅಲೆಗಳು ಬಂಡೆಗೆ ಅಪ್ಪಳಿಸಿದರೆ, ನೆಲದ ಮರೆಯಲ್ಲಿರುವ ಪಶ್ಚಿಮದ ನೀರು ಬಹುತೇಕ ಶಾಂತವಾಗಿರುತ್ತದೆ. ದಡದಿಂದ ತುಸು ದೂರ ಈಜಿದರೆ ಸಾಕು, ಹವಳದ ದಿಬ್ಬ ಇಳಿಜಾರಾಗಿ ಆಳಕ್ಕೆ ಜಾರುತ್ತದೆ. ದ್ವೀಪದ ಸುತ್ತಲ ಕಡಲು, ದಂಡೆಯಿಂದ 60 ಮೀಟರ್ ಆಳದವರೆಗೆ, 1979ರಿಂದ ಸಂರಕ್ಷಿತ ಸಾಗರ ಉದ್ಯಾನ. ಶುಲ್ಕ ಕಟ್ಟಬೇಕು, ಮೊದಲ ಸಲ ಪರಿಚಯದ ಮುಳುಗು ಮುಗಿಸಬೇಕು, ಕೈಗವಸು ತೊಡುವಂತಿಲ್ಲ. ಬರಿಗೈಯಾದರೆ ಹವಳ ಮುಟ್ಟಲು ಯಾರಿಗೂ ಧೈರ್ಯ ಬರುವುದಿಲ್ಲ ಎಂಬುದೇ ಈ ನಿಯಮದ ಜಾಣ್ಮೆ.

ಮುರುಡೇಶ್ವರದಿಂದ ನೇತ್ರಾಣಿಗೆ ಹೋಗಿ ಮುಳುಗಿದವರಿಗೆ ಬೇರೆ ಕ್ರಮ ಗೊತ್ತು. ಅಲ್ಲಿ ಕಡಲು ಕೆರಳಿದರೆ ದೋಣಿಯೇ ಹೊರಡದು. ಬೇಡ ಎನ್ನಲು ದೋಣಿಯವರಿದ್ದಾರೆ, ಕಲಿಸುವವರಿದ್ದಾರೆ. ಬೊನೇರ್‌ನ ಹಳದಿ ಕಲ್ಲಿನ ಪಕ್ಕದಲ್ಲಿ ಆ ಮಾತು ಹೇಳಲು ಯಾರೂ ಇಲ್ಲ. ಅದನ್ನು ನಾವೇ ಹೇಳಿಕೊಳ್ಳಬೇಕು.

ಒಂದು ಕಲ್ಲಿನ ಬಳಿ ಕುಟುಂಬವೊಂದು ಇಳಿದಿದೆ. ಅಪ್ಪ, ಅಮ್ಮ, ತಾತ, ಇಬ್ಬರು ಮಕ್ಕಳು. ಗಾಡಿಗೆ ಬೀಗ ಹಾಕಿಲ್ಲ; ಕದಿಯುವಂಥದ್ದೇನನ್ನೂ ಒಳಗೆ ಬಿಡದಿರುವುದು ಇಲ್ಲಿನ ರೂಢಿ. ಮಕ್ಕಳು ಆಗಲೇ ನೀರಿನತ್ತ ಓಡಲು ಸಿದ್ಧ. ಅಮ್ಮ ಮಾತ್ರ ಅಲೆ ನೋಡುತ್ತ ನಿಂತಿದ್ದಾಳೆ. ನಾಲ್ಕು ಸಣ್ಣ ಅಲೆ ಬಂದ ಮೇಲೆ ಎರಡು ದೊಡ್ಡವು ಬರಬಹುದು. ಒಂದು ಕ್ಷಣದ ನೋಟಕ್ಕೆ ಅದು ಸಿಗುವುದಿಲ್ಲ. ಅವಳ ಕಣ್ಣು ಇಳಿಯುವ ಜಾಗದ ಮೇಲಷ್ಟೇ ಇಲ್ಲ, ದಣಿದು ಬಂದಾಗ ಹತ್ತುವುದೆಲ್ಲಿ ಎಂದೂ ಹುಡುಕುತ್ತಿದೆ.

ಗಂಡ ಹೆಂಡತಿ ರಬ್ಬರ್ ತಳದ ಬೂಟು ತೊಟ್ಟು, ಫಿನ್ಸ್ ಕೈಯಲ್ಲಿ ಹಿಡಿದು, ಮುರಿದ ಹವಳದ ಚೂರುಗಳ ಮೇಲೆ ಅಡಿಯಿಡುತ್ತಾರೆ. ಬೆನ್ನಿನ ಭಾರಕ್ಕೆ ಎಡವಿದರೆ ಮಂಡಿ ಒಡೆಯುವುದು ಇಲ್ಲಿಯೇ. ನೀರಿನೊಳಗೆ ಮರಳು ಕಂಡ ಕಡೆ ಮಾತ್ರ ಕಾಲಿಡಬೇಕು. ಬಂಡೆಯ ಸಂದಿಯಲ್ಲಿ ಕಪ್ಪು ಮುಳ್ಳಿನ ಸೀ ಅರ್ಚಿನ್ ಇರುತ್ತದೆ, ಮುಟ್ಟಿದರೆ ಉರಿಯೆಬ್ಬಿಸುವ ಬೆಂಕಿಹವಳ ಇರುತ್ತದೆ. ಸೊಂಟಮಟ್ಟದ ನೀರಿನಲ್ಲಿ ಒಬ್ಬರ ಭುಜ ಒಬ್ಬರು ಹಿಡಿದು ಫಿನ್ಸ್ ತೊಟ್ಟು, ತಡಮಾಡದೆ ಮಲಗಿ ಈಜತೊಡಗುತ್ತಾರೆ. ಮೊದಲ ಪಯಣ ಸೆಳವಿಗೆ ಎದುರಾಗಿ. ಸಿಲಿಂಡರ್‌ನ ಗಾಳಿ ಕಡಿಮೆಯಾದಾಗ ನೀರೇ ಮನೆಕಡೆ ತಂದುಬಿಡಲಿ ಎಂದು. ಹತ್ತು ಮೀಟರ್ ಇಳಿಯುವಷ್ಟರಲ್ಲಿ ಒತ್ತಡ ದಡದಲ್ಲಿದ್ದುದರ ಎರಡರಷ್ಟಾಗುತ್ತದೆ. ಹೀಗಾಗಿ ಕಿವಿ ನೋಯುವ ಮೊದಲೇ ಮೂಗು ಹಿಡಿದು ಮೆಲ್ಲಗೆ ಊದಬೇಕು. ಮೇಲೇರುವಾಗ ಉಸಿರು ಕಟ್ಟಲೇಬಾರದು. ಹಿಗ್ಗುವ ಗಾಳಿ ಶ್ವಾಸಕೋಶವನ್ನೇ ಹರಿಯಬಲ್ಲದು.

ದಡದ ಹತ್ತಿರ ಮಕ್ಕಳ ಪಾಠ ನಡೆದಿದೆ. ತಾತ ಮಾಸ್ಕನ್ನು ಪಟ್ಟಿಯಿಲ್ಲದೆ ಮೊಮ್ಮಗಳ ಮುಖಕ್ಕೊತ್ತಿ, ಮೂಗಿನಿಂದ ಗಾಳಿ ಎಳೆಯಲು ಹೇಳುತ್ತಾನೆ. ಬೀಳದೆ ನಿಂತಿತು, ಅಳತೆ ಸರಿ. ನೀರು ತುಂಬಿದ ಸ್ನಾರ್ಕೆಲ್ ಕೊಳವೆಯನ್ನು ಜೋರಾಗಿ ಊದಿ ಖಾಲಿ ಮಾಡುವುದನ್ನು ಮಂಡಿಮಟ್ಟದಲ್ಲೇ ಕಲಿಸುತ್ತಾನೆ. ತೇಲುವ ಅಂಗಿ, ಬೆನ್ನು ಸುಡದಂತೆ ಉದ್ದ ತೋಳಿನ ಬಟ್ಟೆ. ಇಬ್ಬರನ್ನೂ ಒಟ್ಟಿಗೆ ಕರೆದೊಯ್ಯುವುದಿಲ್ಲ. ಅಕ್ಕ ನೀರಿನಲ್ಲಿದ್ದರೆ ತಮ್ಮ ದಡದಲ್ಲಿ, ಅವನು ಹಟ ಮಾಡಿದರೂ.

ಹಟಕ್ಕೆ ಮಣಿಯದಿರಲು ಕಾರಣವಿದೆ. ನೀರಿನಲ್ಲಿ ಸಂಕಟಪಡುವವರು ಕೂಗುತ್ತಾರೆ, ಕೈ ಬೀಸುತ್ತಾರೆ ಎಂದು ನಂಬಿದ್ದೇವೆ. ಆದರೆ ಸ್ನಾರ್ಕೆಲ್ ಮಾಡುವವರು ಮುಖ ಕೆಳಗೆ ಮಾಡಿ ಅಲುಗದೆ ತೇಲುವುದೇ ಸಹಜ. ಮೀನು ನೋಡುತ್ತಿರುವವರೂ ಪ್ರಜ್ಞೆ ತಪ್ಪಿದವರೂ ದಡಕ್ಕೆ ಒಂದೇ ಥರ ಕಾಣುತ್ತಾರೆ. ಹಾಗಾಗಿ ಕಣ್ಣಳತೆಯಲ್ಲಿದ್ದರೆ ಸಾಲದು, ಕೈಯಳತೆಯಲ್ಲಿರಬೇಕು.

ಆ ಕೈಯಳತೆಯೊಳಗೇ ಒಂದು ಲೋಕ ತೆರೆದಿದೆ. ಗಿಳಿಮೀನು ಬಂಡೆಯನ್ನು ಕೆರೆಯುವ ಕರಕರ ಸದ್ದು ನೀರಿನಲ್ಲಿ ಸ್ಪಷ್ಟ. ನೀಲಿ ಟ್ಯಾಂಗ್‌ಗಳ ಹಿಂಡು ಪಾಚಿ ಮೇಯುತ್ತ ಸರಿಯುತ್ತದೆ, ಟ್ರಂಪೆಟ್ ಮೀನು ಕೊರಡಿನಂತೆ ನಿಂತು ಬೇಟೆಗೆ ಹೊಂಚುತ್ತದೆ. ಹುಡುಗಿ ತಾತನ ಕೈ ಅದುಮುತ್ತಾಳೆ: ಕಡಲಾಮೆ! ಹಿಂದೆ ಬೀಳಲು ಹೊರಟವಳನ್ನು ತಾತ ಎಳೆದು ನಿಲ್ಲಿಸುತ್ತಾನೆ. ಆಮೆಯನ್ನು ಹಿಂಬಾಲಿಸಿದರೆ ಅದು ಬೆದರುತ್ತದೆ. ಅಷ್ಟರಲ್ಲಿ ನಾವೂ ದಡ ಬಿಟ್ಟು ದೂರವಾಗಿರುತ್ತೇವೆ. ಅಲ್ಲಲ್ಲಿ ಹವಳ ಬರೀ ಬಿಳಿ ಅಸ್ಥಿಯಾಗಿದೆ. ಕಲ್ಲುಹವಳದ ಅಂಗಾಂಶ ತಿನ್ನುವ ರೋಗ 2023ರಲ್ಲಿ ಇಲ್ಲಿಗೂ ಬಂತು. ಅದೇ ವರ್ಷ ಕಾದ ನೀರು ಹವಳವನ್ನು ಬಿಳಿಚಿಸಿತು.

ಊರಿಗೆ ಹೊರಡುವ ಮುನ್ನಾದಿನ ಪಾತ್ರಗಳು ಅದಲುಬದಲು. ಹಲವು ಸಲ ಮುಳುಗಿದವರ ಮೈಯಲ್ಲಿ ಕರಗಿರುವ ಸಾರಜನಕ ಇಳಿಯಲು ವಿಮಾನಕ್ಕೆ ಮೊದಲು ಕನಿಷ್ಠ 18 ಗಂಟೆ ಬಿಡುವು ಬೇಕು. ಮೇಲ್ಮೈಯಲ್ಲೇ ತೇಲುವ ಮಕ್ಕಳಿಗೆ ಆ ಕಟ್ಟಳೆಯಿಲ್ಲ. ಹಾಗಾಗಿ ಇವತ್ತು ಅಪ್ಪ ಸಿಲಿಂಡರ್ ಬಿಟ್ಟು ಮಗನ ಜೊತೆ ತೇಲುತ್ತಾನೆ. ದಡದಲ್ಲಿ ಕೂತ ಅಕ್ಕ, ಅಲೆ ದೊಡ್ಡದಾಗುತ್ತಿದೆ, ಸಾಕು ಬನ್ನಿ ಎಂದು ಕೂಗುತ್ತಾಳೆ. ಅಪ್ಪ ವಾದಿಸದೆ ದಡಕ್ಕೆ ತಿರುಗುತ್ತಾನೆ.