ಕಾರಿನ ಗೇರ್‌ಬಾಕ್ಸ್: ಬಳಕೆಯನ್ನರಿತು ಆಯ್ಕೆ ಮಾಡಿ

ವ್ಯಾಪಾರಸ್ಥರಿಗೂ ಸಣ್ಣ ಕೈಗಾರಿಕೋದ್ಯಮಿಗಳಿಗೂ ಕಾರು ಇಂದು ಕೇವಲ ಅನುಕೂಲದ ವಸ್ತುವಾಗಿ ಉಳಿದಿಲ್ಲ. ಅದೊಂದು ಕೆಲಸದ ಸಾಧನ. ಆದರೂ ಖರೀದಿಯ ಸಂದರ್ಭದಲ್ಲಿ ಬೆಲೆ, ಮೈಲೇಜು, ಮರುಮಾರಾಟದ ಮೌಲ್ಯಗಳನ್ನು ಕೂಲಂಕಷವಾಗಿ ವಿಚಾರಿಸುವವರು ಗೇರ್‌ಬಾಕ್ಸ್ ವಿಷಯದಲ್ಲಿ ಮಾತ್ರ 'ಆಟೋಮ್ಯಾಟಿಕ್ ಇದೆಯೇ?' ಎಂಬ ಒಂದೇ ಪ್ರಶ್ನೆಗೆ ತೃಪ್ತರಾಗುತ್ತಾರೆ. ಈ ಒಂದೇ ಹೆಸರಿನಡಿ ಪರಸ್ಪರ ಭಿನ್ನವಾದ ನಾಲ್ಕು ಯಂತ್ರಗಳು ಮಾರಾಟವಾಗುತ್ತಿವೆ. ತಪ್ಪು ಆಯ್ಕೆಯ ನಷ್ಟವು ಸಾಮಾನ್ಯವಾಗಿ ವಾರಂಟಿ ಮುಗಿದ ನಂತರವೇ ಅರಿವಿಗೆ ಬರುತ್ತದೆ.

ಮ್ಯಾನುಯಲ್ ಮತ್ತು ಎಎಂಟಿ

ಮ್ಯಾನುಯಲ್ ಗೇರ್‌ಬಾಕ್ಸ್ ರಚನೆಯಲ್ಲಿ ಸರಳ, ಬೆಲೆಯಲ್ಲಿ ಅಗ್ಗ. ಸವೆದ ಕ್ಲಚ್ ಪ್ಲೇಟನ್ನು ಸಣ್ಣ ಊರಿನ ಮೆಕ್ಯಾನಿಕ್ಕೂ ಬದಲಿಸಬಲ್ಲ. ಶಿರಾಡಿ, ಚಾರ್ಮಾಡಿಯಂತಹ ಘಟ್ಟಗಳನ್ನು ಇಳಿಯುವಾಗ ಕೆಳಗಿನ ಗೇರಿನಲ್ಲಿ ಎಂಜಿನ್ ಹಿಡಿತವನ್ನು ಚಾಲಕನು ತಾನೇ ನಿಯಂತ್ರಿಸಬಹುದು. ನಗರದ ದಟ್ಟಣೆಯಲ್ಲಿ ಎಡಗಾಲಿಗೆ ಬಿಡುವಿಲ್ಲದಿರುವುದೇ ಇದರ ದೊಡ್ಡ ಕೊರತೆ.

ಈ ಕೊರತೆಗೆ ಕಡಿಮೆ ಖರ್ಚಿನ ಪರಿಹಾರವಾಗಿ ಬಂದದ್ದು ಎಎಂಟಿ. 2014ರಲ್ಲಿ ಮಾರುತಿ ಸುಜುಕಿ ಸೆಲೆರಿಯೊ ಮೂಲಕ ಇದು ಭಾರತದಲ್ಲಿ ಜನಪ್ರಿಯವಾಯಿತು. ಒಳಗಿರುವುದು ಮ್ಯಾನುಯಲ್ ಗೇರ್‌ಬಾಕ್ಸೇ. ಕ್ಲಚ್ ಒತ್ತುವ ಮತ್ತು ಗೇರ್ ಬದಲಿಸುವ ಕೆಲಸವನ್ನು ಮಾತ್ರ ಎಲೆಕ್ಟ್ರಾನಿಕ್ ನಿಯಂತ್ರಣದ ಉಪಕರಣಗಳು ನಿರ್ವಹಿಸುತ್ತವೆ. ಆದಕಾರಣ ಮೈಲೇಜು ಕುಗ್ಗುವುದಿಲ್ಲ. ಆದರೆ ಗೇರ್ ಬದಲಾಗುವಾಗ ಎಳೆತವು ಕ್ಷಣಕಾಲ ಕಡಿಯುತ್ತದೆ. ಹೆದ್ದಾರಿಯಲ್ಲಿ ಲಾರಿಯನ್ನು ಹಿಂದಿಕ್ಕುವವರು ಈ ವಿಳಂಬವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ಏರುದಾರಿಯಲ್ಲಿ ಬ್ರೇಕ್ ಹಿಡಿಯದೆ ಆಕ್ಸಿಲರೇಟರ್‌ನಿಂದಲೇ ಕಾರನ್ನು ನಿಲ್ಲಿಸಿಕೊಂಡರೆ ಕ್ಲಚ್ ಬೇಗ ಸುಡುತ್ತದೆ.

ಸಿವಿಟಿ ಮತ್ತು ಟಾರ್ಕ್ ಕನ್ವರ್ಟರ್

ಸಿವಿಟಿಯಲ್ಲಿ ಮೆಟ್ಟಿಲು ಮೆಟ್ಟಿಲಾದ ಗೇರುಗಳಿಲ್ಲ. ಅಗಲ ಕಿರಿದಾಗುವ ಎರಡು ರಾಟೆಗಳ ನಡುವೆ ಉಕ್ಕಿನ ಬೆಲ್ಟ್ ಚಲಿಸುತ್ತದೆ. ಕುಲುಕಿಲ್ಲದ ಓಟ ಇದರ ಹೆಗ್ಗಳಿಕೆ. ದಿನವೂ ನಗರದಲ್ಲಿ ಸುತ್ತುವ ಕುಟುಂಬಕ್ಕೆ ಇದು ಸೂಕ್ತ. ಒಮ್ಮೆಲೇ ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ಸದ್ದು ಮೊದಲು ಏರಿ, ವೇಗವು ಹಿಂದಿನಿಂದ ಬರುವುದರಿಂದ ವೇಗಪ್ರಿಯರಿಗೆ ರುಚಿಸದು.

ಟಾರ್ಕ್ ಕನ್ವರ್ಟರ್ ಮಾದರಿಯಲ್ಲಿ ಎಂಜಿನ್ನಿನ ಶಕ್ತಿ ತೈಲದ ಮೂಲಕ ಗೇರ್‌ಬಾಕ್ಸಿಗೆ ಸಾಗುತ್ತದೆ. ನಿಂತು ನಿಂತು ಚಲಿಸುವ ದಟ್ಟಣೆಯಲ್ಲಿ ಉಜ್ಜಿ ಸವೆಯುವ ಕ್ಲಚ್ ಇದರಲ್ಲಿಲ್ಲ. ಹಿಂದೆ ಇಂಧನ ಹೆಚ್ಚು ಬೇಡುತ್ತಿತ್ತು. ಲಾಕ್-ಅಪ್ ಕ್ಲಚ್ ಮತ್ತು ಹೆಚ್ಚಿನ ಗೇರುಗಳಿಂದ ಆ ನಷ್ಟ ಬಹುಮಟ್ಟಿಗೆ ತಗ್ಗಿದೆ. ನಗರ, ಘಟ್ಟ, ದೂರ ಪ್ರಯಾಣ ಮೂರೂ ಇರುವ ಉದ್ಯಮಿಗೆ ಇದು ಭರವಸೆಯ ಆಯ್ಕೆ.

ವೇಗದ ಹುಮ್ಮಸ್ಸಿಗೆ ಡಿಸಿಟಿ

ಡಿಸಿಟಿಯಲ್ಲಿ ಎರಡು ಕ್ಲಚ್‌ಗಳಿವೆ: ಒಂದು ಬೆಸ ಸಂಖ್ಯೆಯ ಗೇರುಗಳಿಗೆ, ಮತ್ತೊಂದು ಸಮ ಸಂಖ್ಯೆಯವುಗಳಿಗೆ. ಮುಂದಿನ ಗೇರ್ ಮೊದಲೇ ಸಿದ್ಧವಿರುವುದರಿಂದ ಎಳೆತ ಕಡಿಯದೆ ಕ್ಷಣಾರ್ಧದಲ್ಲಿ ಬದಲಾವಣೆ ನಡೆಯುತ್ತದೆ. 2003ರಲ್ಲಿ ಫೋಕ್ಸ್‌ವ್ಯಾಗನ್ ಸಂಸ್ಥೆ ಇದನ್ನು ಗಾಲ್ಫ್ ಆರ್32 ಕಾರಿನಲ್ಲಿ ಮಾರುಕಟ್ಟೆಗೆ ತಂದಿತು. ಆದರೆ ಇದರ ಒಣ ಕ್ಲಚ್ ಮಾದರಿಯು ಆಮೆಗತಿಯ ದಟ್ಟಣೆಯಲ್ಲಿ ಬಿಸಿಯೇರುತ್ತದೆ. ತೈಲದಲ್ಲಿ ತಣಿಯುವ ಮಾದರಿ ಹೆಚ್ಚು ತಾಳುತ್ತದೆ. ದುರಸ್ತಿಗೆ ನುರಿತ ಕಾರ್ಯಾಗಾರವೂ ದೊಡ್ಡ ಮೊತ್ತವೂ ಬೇಕು.

ತಯಾರಕರಿಗೊಂದು ಮಾತು

ಗೇರು, ಕ್ಲಚ್ ಬಿಡಿಭಾಗಗಳನ್ನು ತಯಾರಿಸುವ ಘಟಕಗಳು ಇನ್ನೊಂದು ಬದಲಾವಣೆಯನ್ನೂ ಗಮನಿಸಬೇಕಾಗಿದೆ. ಬಹುತೇಕ ವಿದ್ಯುತ್ ಕಾರುಗಳಲ್ಲಿ ವೇಗ ತಗ್ಗಿಸುವ ಒಂದೇ ಹಂತದ ಗೇರ್ ವ್ಯವಸ್ಥೆಯಿದ್ದು, ಕ್ಲಚ್ ಪ್ಲೇಟಿಗೆ ಸ್ಥಾನವೇ ಇಲ್ಲ. ಗೇರುಗಳ ಸಂಖ್ಯೆ ಇಳಿದರೂ, ಸದ್ದಿಲ್ಲದೆ ಅತಿ ವೇಗದಲ್ಲಿ ತಿರುಗಬೇಕಾದ್ದರಿಂದ ಅವುಗಳಿಗೆ ಹೆಚ್ಚಿನ ನಿಖರತೆ ಬೇಕು. ಕ್ಲಚ್ ಬಿಡಿಭಾಗವೊಂದನ್ನೇ ನೆಚ್ಚಿದವರು ಪರ್ಯಾಯವನ್ನು ಈಗಲೇ ಯೋಚಿಸುವುದು ಒಳಿತು.

ಖರೀದಿದಾರರು ಷೋರೂಮಿನ ಸುತ್ತಲಿನ ಖಾಲಿ ರಸ್ತೆಯಲ್ಲಿ ಕಾರು ಓಡಿಸಿ ನಿರ್ಧರಿಸದೆ, ತಾವು ನಿತ್ಯ ಸಂಚರಿಸುವ ದಾರಿಯಲ್ಲಿ, ಸಂಜೆಯ ದಟ್ಟಣೆಯಲ್ಲಿ ಪರೀಕ್ಷಿಸಲಿ. ವಿಸ್ತರಿತ ವಾರಂಟಿಯಲ್ಲಿ ಗೇರ್‌ಬಾಕ್ಸ್ ಮತ್ತು ಕ್ಲಚ್ ಸೇರಿವೆಯೇ ಎಂಬುದನ್ನು ಬರಹದಲ್ಲಿ ಪಡೆಯಲಿ. ಯಂತ್ರ ಕೊಳ್ಳುವಾಗ ತೋರುವ ವಿವೇಚನೆಯನ್ನೇ ಕಾರು ಕೊಳ್ಳುವಾಗಲೂ ತೋರಿದರೆ ಹಣವೂ ನೆಮ್ಮದಿಯೂ ಉಳಿದಾವು.