ಬ್ರೆಡ್ಡು ಉಬ್ಬಿತು, ಬಿ.ಪಿ.ಯೂ ಏರಿತು

ಬನಹಟ್ಟಿಯ ನೇಕಾರರೊಬ್ಬರು ಐದಾರು ವರ್ಷಗಳಿಂದ ರಕ್ತದೊತ್ತಡದ ಗುಳಿಗೆ ತೆಗೆದುಕೊಳ್ಳುತ್ತಿದ್ದಾರೆ. ಉಪ್ಪಿನಕಾಯಿ, ಹಪ್ಪಳ ಬಿಟ್ಟಿದ್ದಾರೆ. ಆದರೂ ಈಚೆಗೆ ಬಂದಾಗ ಒತ್ತಡ 168/100 ಇತ್ತು. ಗುಳಿಗೆ ಬದಲಿಸುವ ಮುನ್ನ ಊಟ ತಿಂಡಿಯ ಬಗ್ಗೆ ವಿಚಾರಿಸಿದೆ. ಜೊತೆಗಿದ್ದ ಸೊಸೆ ಹೆಮ್ಮೆಯಿಂದಲೇ ಹೇಳಿದರು: “ಬೇಕರಿದು ಏನೂ ತರಂಗಿಲ್ರಿ ಸರ. ಚೀಸ್ ತುಂಬಿದ ಬ್ರೆಡ್ ನಾನಽ ಮನ್ಯಾಗ ಮಾಡ್ತೀನಿ. ಮಾವಾರಿಗೆ ಮುಂಜಾನೆ ಚಹಾದ ಜೋಡಿ ಎರಡು ತುಂಡು ಬೇಕಽ ಬೇಕು.”

ಮನೆಯಲ್ಲಿ ಮಾಡಿದ್ದು ಒಳ್ಳೆಯದೇ. ಬ್ರೆಡ್ಡಿನಲ್ಲಿ ಪೊಟ್ಯಾಸಿಯಂ ಬ್ರೋಮೇಟ್ ಬಳಸುವುದನ್ನು ನಮ್ಮ ದೇಶದಲ್ಲಿ 2016ರಲ್ಲಿ ನಿಷೇಧಿಸಬೇಕಾಯಿತು. ಮನೆಯ ಹಿಟ್ಟಿನಲ್ಲಿ ಅಂಥ ಭಯವಿಲ್ಲ. ಆದರೆ ಉಪ್ಪು?

ನಮ್ಮ ಜೋಳದ ರೊಟ್ಟಿಗೆ ಬಹಳ ಮನೆಗಳಲ್ಲಿ ಉಪ್ಪೇ ಹಾಕುವುದಿಲ್ಲ. ಬ್ರೆಡ್ಡಿಗೆ ಹಾಕುತ್ತಾರೆ. ಚೀಸ್ ತಯಾರಾಗುವಾಗಲೇ ಉಪ್ಪು ಸೇರಿರುತ್ತದೆ. ಚೀಸಿನ ಪೊಟ್ಟಣದ ಹಿಂಭಾಗ ನೋಡಿ. 400 ಮಿಲಿಗ್ರಾಂ ಸೋಡಿಯಂ ಎಂದರೆ ಒಂದು ಗ್ರಾಂ ಉಪ್ಪು. ನೂರು ಗ್ರಾಂ ಚೀಸಿಗೆ 1400 ಎಂದಿದ್ದರೆ ಮೂರೂವರೆ ಗ್ರಾಂ ಆಯಿತು. ಆ ಸೊಸೆ ಕಾಲು ಕಿಲೋ ಮೈದಾಕ್ಕೆ ಒಂದು ಚಮಚೆ ಉಪ್ಪು, 200 ಗ್ರಾಂ ಚೀಸ್ ಹಾಕಿ ಎಂಟು ತುಂಡು ಮಾಡುತ್ತಿದ್ದರು. ಲೆಕ್ಕ ಹಾಕಿದರೆ ತುಂಡಿಗೆ ಒಂದೂವರೆ ಗ್ರಾಂ, ಎರಡಕ್ಕೆ ಮೂರು. ದೊಡ್ಡವರಿಗೆ ದಿನವಿಡೀ ಐದು ಗ್ರಾಮಿಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅರ್ಧಕ್ಕಿಂತ ಹೆಚ್ಚು ಚಹಾದ ಹೊತ್ತಿಗೇ ಮುಗಿಯಿತು!

ಹಾಗೆಂದು ಬ್ರೆಡ್ ಬಿಡಬೇಕಿಲ್ಲ. ಕಾಲು ಕಿಲೋ ಹಿಟ್ಟಿನಲ್ಲಿ ಅರ್ಧ ಗೋದಿಹಿಟ್ಟು, ಅರ್ಧ ಮೈದಾ ಇರಲಿ. ಒಂದು ಚಮಚೆ ಒಣ ಯೀಸ್ಟ್, ಒಂದು ಚಮಚೆ ಸಕ್ಕರೆ, ಕಾಲು ಚಮಚೆ ಉಪ್ಪು, ಉಗುರುಬೆಚ್ಚಗಿನ ನೀರು ಹಾಕಿ ಹತ್ತು ನಿಮಿಷ ಚೆನ್ನಾಗಿ ನಾದಿ ಮುಚ್ಚಿಡಿ. ಹಿಟ್ಟು ಎರಡರಷ್ಟು ಆಗಬೇಕು. ಉಪ್ಪು ಯೀಸ್ಟಿನ ವೇಗ ತಡೆಯುತ್ತದೆ. ಉಪ್ಪು ಕಡಿಮೆಯಾದಾಗ, ಅದರಲ್ಲೂ ನಮ್ಮ ಜಮಖಂಡಿ, ಮುಧೋಳದ ಮೇ ತಿಂಗಳ ಸೆಕೆಯಲ್ಲಿ, ಹಿಟ್ಟು ಬೇಗ ಉಬ್ಬುತ್ತದೆ. ಗಡಿಯಾರ ನೋಡಬೇಡಿ, ಹಿಟ್ಟು ನೋಡಿ. ಒಳಗೆ ತುಂಬಲು ಚೀಸಿನ ಬದಲು ಪನೀರ್, ಕೊತ್ತಂಬರಿ, ಹಸಿಮೆಣಸಿನಕಾಯಿ. ಪನೀರ್ ಮನೆಯಲ್ಲೇ ಮಾಡುವುದಾದರೆ ಹಾಲನ್ನು ಕುದಿಸಿಯೇ ಒಡೆಯಿರಿ. ಹಸಿ ಹಾಲಿನಿಂದ ಬ್ರುಸೆಲ್ಲೋಸಿಸ್ ಎಂಬ ದೀರ್ಘ ಜ್ವರ ಬರುತ್ತದೆ; ಎಮ್ಮೆ, ಆಕಳು ಕಟ್ಟಿದ ಮನೆಗಳು ಇದನ್ನು ಮರೆಯಬಾರದು.

ಜೋಳದ ಹಿಟ್ಟಿನಿಂದ ಮಾಡಬಹುದೇ ಎಂದು ಬೀಳಗಿಯ ಶಿಕ್ಷಕಿಯೊಬ್ಬರು ಕೇಳಿದ್ದರು. ಬರೀ ಜೋಳ ಉಬ್ಬುವುದಿಲ್ಲ. ಯೀಸ್ಟ್ ಬಿಡುವ ಗಾಳಿಯನ್ನು ಹಿಡಿದಿಡುವ ಗ್ಲುಟೆನ್ ಎಂಬ ಅಂಟು ಗೋದಿಯಲ್ಲಿದೆ, ಜೋಳದಲ್ಲಿಲ್ಲ. ಮೂರು ಪಾಲು ಗೋದಿಗೆ ಒಂದು ಪಾಲು ಜೋಳ ಬೆರೆಸಬಹುದು.

ಮಕ್ಕಳಿಗೆ ಹಸಿ ಹಿಟ್ಟು ನೆಕ್ಕಲು ಕೊಡಬೇಡಿ. ಬೇಯದ ಹಿಟ್ಟಿನಲ್ಲಿ ರೋಗಾಣುಗಳಿರಬಹುದು. ಚೆನ್ನಾಗಿ ಬೆಂದ ಮೇಲೆ ಯೀಸ್ಟ್ ಸತ್ತಿರುತ್ತದೆ, ಹೊಟ್ಟೆಯಲ್ಲಿ ಉಬ್ಬೀತೆಂಬ ಹೆದರಿಕೆ ಬೇಡ. ತಳ ತಟ್ಟಿದಾಗ ಟೊಳ್ಳು ಸಪ್ಪಳ ಬಂದರೆ ಬೆಂದಿದೆ ಎಂದರ್ಥ. ಸಕ್ಕರೆ ಕಾಯಿಲೆಯವರು ಒಂದು ತುಂಡು ತಿಂದರೆ ಒಂದು ರೊಟ್ಟಿ ಬಿಡಬೇಕು, ಮೇಲಿಂದ ಮೇಲೆ ಅಲ್ಲ. ಕಿಡ್ನಿ ತೊಂದರೆ ಇದ್ದವರು ಚೀಸಿನ ಗೊಡವೆಗೆ ಹೋಗದಿರುವುದೇ ಲೇಸು.

ನೇಕಾರರು ಅದೇ ಗುಳಿಗೆ ಮುಂದುವರಿಸಿ ತಿಂಗಳ ನಂತರ ಬಂದರು. ಒತ್ತಡ 142/90. ಇನ್ನೂ ಇಳಿಯಬೇಕು. “ಪನೀರಿಂದು ಸಪ್ಪಗ ಆಗತೈತ್ರಿ ಡಾಕ್ಟರ್” ಎಂದು ಮುಖ ಸಪ್ಪಗೆ ಮಾಡಿದರು. ಇನ್ನೊಂದು ಮೆಣಸಿನಕಾಯಿ ಹಾಕಿಸಿಕೊಳ್ಳಿ ಎಂದೆ.